ಮುಂಬಯಿ ಸೆಕೆಯಲ್ಲಿ ಇಇಜಿ ಹೆಡ್‌ಬ್ಯಾಂಡ್: ಅಲೆ ನಂಬಿ, ಅಂಕ ಬೇಡ

ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದಲೇ ಅಳೆಯುವುದು ಇಇಜಿ. ಅದಕ್ಕೆಂದೇ ಇರುವ ನಾಲ್ಕು ಸೆನ್ಸರಿನ ಹೆಡ್‌ಬ್ಯಾಂಡ್ ಇದು. ಹಣೆಯ ಮೇಲೆ ಎರಡು, ಕಿವಿಗಳ ಹಿಂದೆ ಒಂದೊಂದು, ಹಣೆಯ ನಡುವೆ ರೆಫರೆನ್ಸ್, ಅಂದರೆ ನಾಲ್ಕನ್ನೂ ಹೋಲಿಸಿ ಅಳೆಯುವ ಬಿಂದು. ಬೇಸಿಗೆ, ಮಳೆಗಾಲ ಎರಡನ್ನೂ ಮುಂಬಯಿಯಲ್ಲೇ ಕಂಡ ಬ್ಯಾಂಡಿನ ಬಗ್ಗೆ ಹೇಳುವುದಾದರೆ, ಎಚ್ಚರವಾಗಿದ್ದು ಸುಮ್ಮನೆ ಕೂತಾಗಿನ ಆಲ್ಫಾ ಅಲೆ ನೋಡಲು ಇಷ್ಟು ಸಾಕು. ಆ್ಯಪ್ ಕೊಡುವ ‘ಶಾಂತಿ’ ಅಂಕವನ್ನು ನೆಚ್ಚಬೇಡಿ, ಕಚ್ಚಾ ಸಿಗ್ನಲ್ ತೋರಿಸುವ ಆ್ಯಪ್ ಹಾಕಿಕೊಳ್ಳಿ.

ಆಲ್ಫಾ 8ರಿಂದ 13 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಏರಿಳಿಯುವ ಅಲೆ. ವಯಸ್ಕರಲ್ಲಿ ಸಾಮಾನ್ಯವಾಗಿ 10ರ ಆಸುಪಾಸು. ಕಣ್ಣು ಮುಚ್ಚಿದರೆ ಏರುತ್ತದೆ, ತೆರೆದರೆ ಇಳಿಯುತ್ತದೆ. ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ ಜರ್ಮನ್ ವೈದ್ಯ ಹಾನ್ಸ್ ಬರ್ಗರ್ ಕಾಲದಿಂದ ಗೊತ್ತಿರುವ ಈ ಗುಣವೇ ಬ್ಯಾಂಡಿಗೂ ಪರೀಕ್ಷೆ. ಗೋಡೆ ನೋಡುತ್ತ 1 ನಿಮಿಷ, ಕಣ್ಣು ಮುಚ್ಚಿ 1 ನಿಮಿಷ, ಹೀಗೆ 3 ಸುತ್ತು. ಕಿವಿ ಹಿಂದಿನ ಚಾನೆಲ್‌ಗಳನ್ನೇ (ಒಂದೊಂದು ಸೆನ್ಸರಿಗೆ ಒಂದೊಂದು ಗೆರೆ) ನೋಡಿ: ಈ ಅಲೆ ಪ್ರಬಲವಾಗಿರುವುದು ತಲೆಯ ಹಿಂಭಾಗದಲ್ಲಿ. ಹಣೆಯಲ್ಲಿ ಅದು ಕ್ಷೀಣ, ಜೊತೆಗೆ ರೆಪ್ಪೆ ಮಿಟುಕಿದಾಗಲೆಲ್ಲ ದೊಡ್ಡ ಉಬ್ಬು. ಹಲ್ಲು ಕಚ್ಚಿದರೆ ಸ್ನಾಯುವಿನ ಗದ್ದಲ 20 ಹರ್ಟ್ಸ್‌ನಿಂದ ಮೇಲೆ ತುಂಬಿಕೊಳ್ಳುತ್ತದೆ. ದವಡೆ ಸಡಿಲ ಬಿಡಿ. ಆರೋಗ್ಯವಂತರಲ್ಲೂ ಕೆಲವರಿಗೆ ಆಲ್ಫಾ ಸ್ವಭಾವತಃ ಕಡಿಮೆ, ಗಾಬರಿ ಬೇಡ.

ಇಲ್ಲಿ ನಿಜವಾದ ಶತ್ರು ಬೆವರು. ಆಲ್ಫಾ ಇರುವುದೇ ಹತ್ತಾರು ಮೈಕ್ರೋವೋಲ್ಟ್ (ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗ). ಬೆವರಿದಾಗ ಅದಕ್ಕಿಂತ ಎಷ್ಟೋ ದೊಡ್ಡದಾಗಿ, ನಿಧಾನವಾಗಿ ಗೆರೆ ಮೇಲೆ ಕೆಳಗೆ ತೇಲುತ್ತದೆ. ಬೆವರು ಹರಿದು ಪಕ್ಕದ ಸೆನ್ಸರ್ ಮುಟ್ಟಿದರಂತೂ ಎರಡೂ ಚಾನೆಲ್ ಒಂದೇ ತೋರಿಸುತ್ತವೆ. ಲೋಕಲ್ ಟ್ರೇನ್ ಇಳಿದು ಬಂದ ಕೂಡಲೇ ಹಾಕಬೇಡಿ. ಮುಖ ತೊಳೆದು, ಫ್ಯಾನ್ ಕೆಳಗೆ ಮೈ ಆರಿಸಿ, ಆಮೇಲೆ ಸೆನ್ಸರಿಗೆ ಮಾತ್ರ ಒದ್ದೆ ಬೆರಳು ಸವರಿ. ಎಸಿ ಕೋಣೆಯಲ್ಲಿ ಇದರ ಉಲ್ಟಾ ತೊಂದರೆ: ಚರ್ಮ ಒಣಗಿ ಸಂಪರ್ಕ ಬಿಡುತ್ತದೆ, 50 ಹರ್ಟ್ಸ್ ಕರೆಂಟಿನ ಗುಂಯ್ ನುಗ್ಗುತ್ತದೆ. ನಮ್ಮವರ ತೆಂಗಿನೆಣ್ಣೆಯೂ ಅಡ್ಡಿಯೇ, ಕಿವಿ ಹಿಂದೆ ಒರೆಸಿಕೊಳ್ಳಿ. ಹಣೆ ನಡುವೆ ಗಂಧವೋ ವಿಭೂತಿಯೋ ಇದ್ದರೆ ರೆಫರೆನ್ಸ್ ಕೆಟ್ಟು ನಾಲ್ಕೂ ಚಾನೆಲ್ ಒಟ್ಟಿಗೆ ಹಾಳಾಗುತ್ತವೆ.

ರಾತ್ರಿ ಕೆಲಸದಿಂದ ದಣಿದು ಕೂತರೆ ಕೆಲವೇ ನಿಮಿಷದಲ್ಲಿ ಆಲ್ಫಾ ಕುಸಿದು 4ರಿಂದ 7 ಹರ್ಟ್ಸ್‌ನ ಥೀಟಾ ಏಳುತ್ತದೆ. ಅದು ಮನಸ್ಸಿನ ಚಂಚಲತೆಯಲ್ಲ, ತೂಕಡಿಕೆ. ಆ್ಯಪಿನ ಒಂದೇ ಅಂಕ ಇವೆರಡನ್ನು ಬೇರ್ಪಡಿಸಲಾರದು, ಅದಕ್ಕೇ ಬೆಳಿಗ್ಗೆಯ ಹೊತ್ತು ಲೇಸು.

ಬಳಸಿದ ಮೇಲೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಒಣಗಿಸಿಯೇ ಡಬ್ಬಿಗೆ ಹಾಕಿ. ಮೂರ್ಛೆರೋಗದಂಥ ಅನುಮಾನವಿದ್ದರೆ ಈ ಬ್ಯಾಂಡ್ ಸಾಲದು. ನರರೋಗ ತಜ್ಞರ ಬಳಿ ಇಡೀ ತಲೆಯ ಇಇಜಿಯನ್ನೇ ಮಾಡಿಸಬೇಕು.