ಮಿರ್ಚಿ ಗಾಡಿಗೆ ಬ್ಯಾಟರಿ ದೀಪ: ಮೂರು ವರ್ಷ ಬಳಸಿದವಳ ಅನುಭವ

ದಾವಣಗೆರೆಯ ಗಡಿಯಾರ ಕಂಬದ ಹತ್ತಿರ ಸಂಜೆ ಆರರಿಂದ ಹತ್ತೂವರೆಯವರೆಗೆ ನನ್ನ ಮಂಡಕ್ಕಿ ಮಿರ್ಚಿ ಗಾಡಿ ನಿಂತಿರುತ್ತದೆ. ಮೊದಲು ಹಿಂದಿನ ಅಂಗಡಿಯಿಂದ ತಂತಿ ಎಳೆದು 60 ವಾಟ್‌ನ ಹಳೆಯ ಬಲ್ಬ್ ಹಾಕಿಕೊಂಡಿದ್ದೆ. ಬಾಡಿಗೆ ದಿನಕ್ಕೆ 20 ರೂಪಾಯಿ. ಅವರು ಒಂಬತ್ತಕ್ಕೆ ಶಟರ್ ಎಳೆದರೆ ನನ್ನ ಬಾಣಲೆಗೂ ಕತ್ತಲೆ. 2022ರಲ್ಲಿ ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಸಾಲ ಯೋಜನೆಯಾದ ಪಿಎಂ ಸ್ವನಿಧಿಯ ಮೊದಲ 10,000 ರೂಪಾಯಿ ಸಾಲ ಕೈಗೆ ಬಂದಾಗ ಅದರಲ್ಲಿ 1,750 ಎತ್ತಿಟ್ಟು ಕರೆಂಟು ಹೋದಾಗ ಕಂಪ್ಯೂಟರ್ ನಡೆಸುವ ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ, ಚಾರ್ಜರ್ ಮತ್ತು 9 ವಾಟ್‌ನ ಎಲ್‌ಇಡಿ ಬಲ್ಬ್ ಕೊಂಡೆ. ಉಳಿದ ಬಾಡಿಗೆಯಲ್ಲೇ ಮೂರು ತಿಂಗಳಿಗೆ ಅಸಲು ಹುಟ್ಟಿತು. ಒಂದು ಸಲ ಚಾರ್ಜ್ ಮಾಡಲು ಒಂದು ರೂಪಾಯಿಯ ಕರೆಂಟೂ ಬೇಕಾಗುವುದಿಲ್ಲ.

ಮಾರಿದವರು "ಒಂಬತ್ತು ಗಂಟೆ ಉರಿಯುತ್ತದೆ" ಎಂದಿದ್ದರು. ಲೆಕ್ಕ ಸುಳ್ಳಲ್ಲ: 12ನ್ನು 7ರಿಂದ ಗುಣಿಸಿ, ಬಲ್ಬಿನ 9 ವಾಟ್‌ನಿಂದ ಭಾಗಿಸಿದರೆ ಒಂಬತ್ತು ಚಿಲ್ಲರೆ ಗಂಟೆ. ಆದರೆ ಇಂಥ ಸೀಸದ ಬ್ಯಾಟರಿಯನ್ನು ತಳ ಕಾಣುವವರೆಗೆ ಹೀರಬಾರದು ಎಂಬ ಮಾತನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹಬ್ಬದ ದಿನಗಳಲ್ಲಿ ದೀಪ ಮಂಕಾಗುವವರೆಗೂ ಉರಿಸಿದೆ. ಹನ್ನೊಂದೇ ತಿಂಗಳಿಗೆ ಬ್ಯಾಟರಿಯ ಹೊಟ್ಟೆ ಉಬ್ಬಿ ಸತ್ತಿತು. ಗ್ಯಾರಂಟಿ ಕೇಳಲು ಹೋದರೆ ಚೀಟಿಯ ಮೇಲಿನ ಮಸಿ ಅಳಿಸಿದೆ ಎಂದು ಕೈ ತಿರುಗಿಸಿದರು. ಎರಡನೆಯದನ್ನು ಅರ್ಧದ ಮೇಲೆ ಬಳಸಿಲ್ಲ, ಮನೆಗೆ ಹೋದ ಕೂಡಲೇ ಚಾರ್ಜಿಗೆ ಹಾಕುತ್ತೇನೆ. ಅದು ಎರಡು ವರ್ಷದಿಂದ ಗಟ್ಟಿಯಾಗಿದೆ. ದುಗ್ಗಮ್ಮನ ಜಾತ್ರೆಗೆ ಮಾತ್ರ ಇನ್ನೊಂದನ್ನು ಬಾಡಿಗೆಗೆ ತಂದಿದ್ದೆ.

ಬ್ಯಾಟರಿಯ ಕಥೆ ಇಷ್ಟೇ. ನಿಜವಾದ ತಲೆನೋವು ಬಲ್ಬಿನದು. ಮೊದಲ ಮಳೆ ಬಿದ್ದ ಸಂಜೆ ಗೆದ್ದಲಿನ ರೆಕ್ಕೆಹುಳುಗಳು ಬಿಳಿ ಬೆಳಕಿಗೆ ಮುತ್ತಿಕೊಂಡು ಕಾದ ಎಣ್ಣೆಗೆ ಉದುರಿದವು. ಒಂದು ಬಾಣಲೆ ಎಣ್ಣೆ ಚೆಲ್ಲಿದೆ. ಮರುದಿನ ಬಲ್ಬಿಗೆ ಹಳದಿ ಜಿಲೆಟಿನ್ ಕಾಗದ ಸುತ್ತಿದೆ. ಹಳದಿಗೆ ಹುಳು ಕಡಿಮೆ ಬರುತ್ತದೆ. ಗಾಡಿಯ ಆ ತುದಿಗೆ ಸಣ್ಣದೊಂದು ಬಿಳಿ ಬಲ್ಬ್ ಕಟ್ಟಿ, ಕೆಳಗೆ ನೀರಿನ ತಟ್ಟೆ ಇಟ್ಟೆ. ಹುಳುಗಳು ಅಲ್ಲಿಗೆ ಹೋಗಿ ನೀರಿಗೆ ಬೀಳುತ್ತವೆ. ಹಳದಿ ಬೆಳಕಿನಲ್ಲಿ ಮಿರ್ಚಿಯ ಬಣ್ಣವೂ ಏರಿತು. ಬಿಳಿಯ ಕೆಳಗೆ ಅದೇ ಮಿರ್ಚಿ ಬೇಯದ ಹಿಟ್ಟಿನಂತೆ ಕಾಣುತ್ತಿತ್ತು.

ಇನ್ನೊಂದು ಕೊರತೆಯನ್ನು ಯಾರೂ ಹೇಳುವುದಿಲ್ಲ: ಈ ದೀಪಕ್ಕೆ ಬಿಸಿಯೇ ಕಡಿಮೆ. ಹಳೆಯ ಬಲ್ಬ್ ಗಾಜಿನ ಪೆಟ್ಟಿಗೆಯೊಳಗೆ ಉರಿಯುತ್ತಿದ್ದಾಗ ಮಂಡಕ್ಕಿ ಮಳೆಗಾಲದಲ್ಲೂ ಗರಿಗರಿ ಇರುತ್ತಿತ್ತು. ಎಲ್‌ಇಡಿ ಬಂದ ಮೊದಲ ಆಷಾಢದಲ್ಲಿ ಭಟ್ಟಿಯಿಂದ ಬೆಳಿಗ್ಗೆ ತಂದ ಮಂಡಕ್ಕಿ ಎಂಟು ಗಂಟೆಗೆಲ್ಲ ಮೆತ್ತಗಾಗಿ, ಗಿರಾಕಿಯೊಬ್ಬರು "ಅಕ್ಕಾ, ಇದು ನಿನ್ನೆಯದಾ?" ಎಂದರು. ಎಣ್ಣೆ ಡಬ್ಬವೊಂದನ್ನು ಸೀಳಿ ಒಲೆಗೆ ಗಾಳಿತಡೆ ಮಾಡಿಕೊಂಡಿದ್ದೆ. ಈಗ ಆ ತಗಡಿನ ಹೊರಬದಿಗೆ ಹತ್ತಿರವಾಗಿ ಮಂಡಕ್ಕಿಯ ಮುಚ್ಚಳದ ಡಬ್ಬ ಇಡುತ್ತೇನೆ. ಒಲೆಯ ಕಾವೇ ಸಾಕು. ತೀರಾ ಒತ್ತಿದರೆ ಕೆಳಗಿನದು ಕಮರುತ್ತದೆ. ನಡುವೆ ಎರಡು ಬೆರಳು ಸಂದಿ ಇರಲಿ.

ಬ್ಯಾಟರಿಯನ್ನು ಒಲೆಯಿಂದ ದೂರ, ಗಾಡಿಯ ಕೆಳಗೆ ಗೋಣಿತಾಟು ಹಾಸಿದ ಡಬ್ಬದಲ್ಲಿಡಿ. ತಂತಿಯ ಗಂಟುಗಳಿಗೆ ಅಂಟುಪಟ್ಟಿ ಸುತ್ತಿದರೆ ಎಣ್ಣೆಯ ಹಬೆಗೆ ವಾರದಲ್ಲಿ ಬಿಚ್ಚುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಏರಿಸಿದೆ, ಇನ್ನೂ ಹಾಗೆಯೇ ಇದೆ.

ಪಕ್ಕದಲ್ಲಿ ಮೆಕ್ಕೆಜೋಳದ ತೆನೆ ಸುಡುವ ಹುಡುಗ ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನನ್ನು ಇದ್ದಿಲಿಗೆ ಗಾಳಿ ಹಾಕಲು ಇಟ್ಟುಕೊಂಡಿದ್ದಾನೆ. ಅದೂ 12 ವೋಲ್ಟಿನದೇ, ಎರಡು ವಾಟ್ ಎಳೆಯುತ್ತದೆ. ಬೀಸಣಿಗೆ ಹಿಡಿಯುತ್ತಿದ್ದ ಕೈ ಬಿಡುವಾಗಿ ಈಗ ತೆನೆಗೆ ಉಪ್ಪು, ನಿಂಬೆ ಹಚ್ಚುತ್ತದೆ. ಅವನ ತಂತಿಯೂ ನನ್ನ ಬ್ಯಾಟರಿಗೇ. ಬಾಡಿಗೆ ಕೇಳಿದರೆ ಎರಡು ತೆನೆ ಕೊಡುತ್ತಾನೆ, ಅದರಲ್ಲೂ ಒಂದು ಎಳೆಯದು.

ಕೊಳ್ಳಬಹುದೇ ಎಂದು ಕೇಳುವವರಿಗೆ: ಕೊಳ್ಳಿ, ಚಾರ್ಜರ್ ಮಾತ್ರ ಅಗ್ಗದ್ದು ಬೇಡ. ನನ್ನ ಮೊದಲಿನದು ಬ್ಯಾಟರಿ ತುಂಬಿದ ಮೇಲೂ ತಾನಾಗಿ ನಿಲ್ಲುತ್ತಿರಲಿಲ್ಲ. ಹೊಟ್ಟೆ ಉಬ್ಬಿದ್ದಕ್ಕೆ ಅದರದೂ ಪಾಲಿದೆ ಎಂದು ಆಟೋ ಬ್ಯಾಟರಿ ರಿಪೇರಿಯವರು ಹೇಳಿದರು. ಮುಂದಿನ ಸಲ ಲಿಥಿಯಂನದು ತರೋಣ ಎಂದು ಬೆಲೆ ಕೇಳಿ ಬಂದಿದ್ದೇನೆ. ದುಬಾರಿ. ಜೋಳದ ಹುಡುಗ ಅರ್ಧ ದುಡ್ಡು ಹಾಕುತ್ತೇನೆ ಎನ್ನುತ್ತಾನೆ, ರಾತ್ರಿ ಬ್ಯಾಟರಿ ಯಾರ ಮನೆಗೆ ಹೋಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.