ಗೀತೆಯ ಆರನೇ ಅಧ್ಯಾಯವೋ, ಮಾಂಡೂಕ್ಯವೋ?

ಉಡುಪಿಯಲ್ಲಿ ಧ್ಯಾನ ಕಲಿಯಲು ಹೊಸದಾಗಿ ಪಾಠಕ್ಕೆ ಕೂರುವವರು ಮಾಂಡೂಕ್ಯ ಉಪನಿಷತ್ತಿಗೆ ಕೈಹಾಕುವುದು ಅದು ಬರೀ 12 ಮಂತ್ರವೆಂದು. ಎಚ್ಚರ, ಕನಸು, ಗಾಢನಿದ್ರೆ, ಈ ಮೂರನ್ನೂ ಮೀರಿದ ತುರೀಯಗಳನ್ನು ಅದು ಓಂಕಾರಕ್ಕೆ ಜೋಡಿಸುತ್ತದೆ. ಧ್ಯಾನಕ್ಕೆ ಕೂರುವುದು ಹೇಗೆಂದು ಹೇಳುವುದಿಲ್ಲ. ವ್ಯಾಖ್ಯಾನವೂ ಬೇರೆಬೇರೆ: ಅದ್ವೈತದಲ್ಲಿ ತುರೀಯವೆಂದರೆ ಆತ್ಮವೇ, ದ್ವೈತದ ಮಧ್ವಾಚಾರ್ಯರ ಭಾಷ್ಯದಲ್ಲಿ ವಿಶ್ವ (ಎಚ್ಚರ), ತೈಜಸ (ಕನಸು), ಪ್ರಾಜ್ಞ (ಗಾಢನಿದ್ರೆ), ತುರೀಯ ನಾಲ್ಕೂ ಭಗವಂತನ ರೂಪಗಳು. ಎರಡನ್ನೂ ಬೆರೆಸಿ ಓದಿದರೆ ಗೊಂದಲ ಖಂಡಿತ.

ಗೀತೆಯ 6ನೇ ಅಧ್ಯಾಯದಲ್ಲಿ 47 ಶ್ಲೋಕ. ಅತಿ ಎತ್ತರವೂ ತಗ್ಗೂ ಅಲ್ಲದ ಆಸನ, ಹಿತಮಿತ ಊಟ-ನಿದ್ದೆ, ಮನಸ್ಸು ಎಲ್ಲೆಲ್ಲಿಗೆ ಓಡಿತೋ ಅಲ್ಲಲ್ಲಿಂದ ಮರಳಿ ತರುವುದು (ಶ್ಲೋಕ 26). ಆರಂಭಕ್ಕೆ ಇದೇ ಸರಿ.

ದಿನಕ್ಕೆ 2 ಶ್ಲೋಕ ಸಾಕು: ಪದಚ್ಛೇದ (ಪದ ಬಿಡಿಸುವುದು), ಅನ್ವಯ (ಪದಗಳನ್ನು ವಾಕ್ಯದ ಕ್ರಮಕ್ಕೆ ತರುವುದು), ಅರ್ಥ, ಆಮೇಲೆ 10 ನಿಮಿಷ ಮೌನ. ಕೃಷ್ಣ ಮಠದ ಸುತ್ತಲಿನ ರಥಬೀದಿಯಲ್ಲಿ ಜನ ಸೇರುವ ಮೊದಲೇ ಮುಗಿಸಿ. ಬರೀ ಪಾರಾಯಣವಾದರೆ ನಾಲಿಗೆ ಓಡುತ್ತದೆ, ಗಮನ ಹಿಂದೆ ಬೀಳುತ್ತದೆ. ಮಾಂಡೂಕ್ಯವನ್ನು ಆಮೇಲೆ, ಗುರುಗಳ ಎದುರೇ ಓದಿ.