ಕೂಗೋ ಡಬ್ಬಿ: ಹಾಲಿನ ಅಂಗಡಿಯಲ್ಲಿ ಸೌಂಡ್‌ಬಾಕ್ಸ್ ಜೊತೆ ಮೂರು ವರ್ಷ

ನಮ್ಮಂಗಡಿ ಮೈಸೂರಿನ ಒಂಟಿಕೊಪ್ಪಲಿನ ಒಂದು ಒಳರಸ್ತೆಯಲ್ಲಿದೆ. ಬೆಳಿಗ್ಗೆ ನಂದಿನಿ ಹಾಲು, ಮೊಸರು. ಬಿಸಿಲೇರಿದ ಮೇಲೆ ಸಕ್ಕರೆ, ಸೋಪು, ಬಿಸ್ಕತ್ತು, ಊದಿನಕಡ್ಡಿ. ಐದೂವರೆಗೆ ಷಟರ್ ಎತ್ತೋನು ನಾನು. ಎಂಟಕ್ಕೆ ನಾನು ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೊರಟರೆ ಸಂಜೆ ಆರರವರೆಗೂ ಗಲ್ಲಾದಲ್ಲಿ ಅಮ್ಮ ಒಬ್ಬರೇ. ಅಮ್ಮನಿಗೆ ಈಗ ಅರವತ್ತಮೂರು. ಕೈಯಲ್ಲಿ ಗುಂಡಿ ಒತ್ತೋ ಹಳೇ ಫೋನು, ಕನ್ನಡಕ ಎಲ್ಲಿಟ್ಟಿದ್ದೀನಿ ಅಂತ ದಿನಕ್ಕೆ ಹತ್ತು ಸಲ ಹುಡುಕಾಟ. ಇದನ್ನೆಲ್ಲ ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. 2022ರ ನವೆಂಬರಿನಲ್ಲಿ ನಾನು ಸೌಂಡ್‌ಬಾಕ್ಸ್ ಹಾಕಿಸಿದ್ದೇ ಅಮ್ಮನಿಗೋಸ್ಕರ. ಗಿರಾಕಿ ಯುಪಿಐನಲ್ಲಿ ದುಡ್ಡು ಹಾಕಿದ ಕೂಡಲೇ ಎಷ್ಟು ಬಂತು ಅಂತ ಕೂಗಿ ಹೇಳೋ ಡಬ್ಬಿ ಅದು. ಕಂಪನಿ ಹೆಸರು ಹೇಳಲ್ಲ. ಅಕ್ಕಪಕ್ಕದ ಅಂಗಡಿಗಳಲ್ಲಿ ಬೇರೆ ಬೇರೆ ಕಂಪನಿಯವು ಇವೆ, ನೋಡಿದ್ದೀನಿ. ಬಣ್ಣ ಬೇರೆ, ಜಾತಿ ಒಂದೇ.

ಅದಕ್ಕೆ ಮುಂಚೆ ಗಲ್ಲಾ ಪಕ್ಕ ಬರೀ ಕ್ಯೂಆರ್ ಹಾಳೆ ಅಂಟಿಸಿದ್ದೆವು. ಗಿರಾಕಿ ಸ್ಕ್ಯಾನ್ ಮಾಡಿ, ಫೋನು ತಿರುಗಿಸಿ, "ಹಾಕಿದೀನಿ ಅಮ್ಮ, ನೋಡಿ" ಅಂದರೆ ಅಮ್ಮ ನೋಡ್ತಿದ್ದದ್ದು ಹಸಿರು ಬಣ್ಣ ಮಾತ್ರ. ಹಸಿರು ಕಂಡರೆ ದುಡ್ಡು ಬಂತು ಅಂತ ಲೆಕ್ಕ. ಬ್ಯಾಂಕಿನ ಮೆಸೇಜು ಬರ್ತಿದ್ದದ್ದು ನನ್ನ ಫೋನಿಗೆ, ನನ್ನ ಫೋನು ಕಾರ್ಖಾನೆಯ ಲಾಕರಿನಲ್ಲಿ. ಒಂದು ಬುಧವಾರ ಮಧ್ಯಾಹ್ನ ಇಸ್ತ್ರಿ ಷರಟಿನ ಹುಡುಗನೊಬ್ಬ ಬಂದು ಎರಡು ಲೀಟರ್ ಎಣ್ಣೆ, ಮೂರು ಕೆಜಿ ಸಕ್ಕರೆ, ಕಾಫಿಪುಡಿ ತಗೊಂಡು 640 ರೂಪಾಯಿಗೆ ಹಸಿರು ತೋರಿಸಿ ಹೋದ. ಸಂಜೆ ನಾನು ನೋಡಿದರೆ ಆ ಮೊತ್ತವೇ ಇಲ್ಲ. ಅಂಗಡಿ ಹೆಸರು, ಮೊತ್ತ ಎರಡನ್ನೂ ಟೈಪ್ ಮಾಡಿದರೆ ಅಸಲಿನಂಥದ್ದೇ ಪರದೆ ತೋರಿಸೋ ನಕಲಿ ಆ್ಯಪ್‌ಗಳಿವೆ ಅಂತ ಆಮೇಲೆ ಗೊತ್ತಾಯ್ತು. ದುಡ್ಡಿಗಿಂತ ಅಮ್ಮನಿಗೆ ಬೇಜಾರಾಗಿದ್ದು ಇನ್ನೊಂದಕ್ಕೆ. ಆ ಹುಡುಗ ಹೋಗುವಾಗ "ಬರ್ತೀನಮ್ಮ" ಅಂದಿದ್ದನಂತೆ, ಇವರು "ಹುಷಾರಾಗಿ ಹೋಗಪ್ಪ" ಅಂದಿದ್ದರಂತೆ. ಅದನ್ನ ಒಂದು ವಾರ ಹೇಳಿದ್ದೇ ಹೇಳಿದ್ದು.

ಡಬ್ಬಿ ಬಂದ ಮೇಲೆ ಆ ರಗಳೆ ನಿಂತಿತು. ಈಗ ಯಾರು ಫೋನು ತಿರುಗಿಸಿ ತೋರಿಸಿದರೂ ಅಮ್ಮ ಆ ಕಡೆ ಕಣ್ಣು ಹಾಯಿಸಲ್ಲ. "ಡಬ್ಬಿ ಕೂಗ್ಲಿ ತಡಿಯಪ್ಪ" ಅಂತಾರೆ, ಅಷ್ಟೆ. ಮೂರು ವರ್ಷದಲ್ಲಿ ಒಂದೇ ಒಂದು ಸಲವೂ ಬರದ ದುಡ್ಡನ್ನ ಬಂತು ಅಂತ ಅದು ಕೂಗಿಲ್ಲ. ನನ್ನ ಮಟ್ಟಿಗೆ ಈ ವಿಮರ್ಶೆಯಲ್ಲಿ ಅತಿ ಮುಖ್ಯವಾದ ಸಾಲು ಇದೇ.

ಇದು ಕೆಲಸ ಮಾಡೋ ರೀತಿ ಸರಳ. ಡಬ್ಬಿಯೊಳಗೇ ಒಂದು ಸಿಮ್ ಇರುತ್ತೆ, ಬ್ಯಾಟರಿ ಇರುತ್ತೆ. ನಮ್ಮ ಫೋನಿಗೂ ಅದಕ್ಕೂ ಸಂಬಂಧ ಇಲ್ಲ, ನಾನು ಹೆಬ್ಬಾಳದಲ್ಲಿದ್ದರೂ ಅದು ಒಂಟಿಕೊಪ್ಪಲಲ್ಲಿ ಕೂಗುತ್ತೆ. ಕೆಲವು ಹಳೇ ಮಾದರಿಗಳು ಫೋನಿನ ಬ್ಲೂಟೂತ್ ನೆಚ್ಚಿಕೊಂಡಿರುತ್ತವೆ. ಯಾರಾದರೂ ಕಮ್ಮಿ ಬೆಲೆಗೆ ಅಂಥದ್ದು ಕೊಡ್ತೀನಿ ಅಂದರೆ ಬೇಡ ಅನ್ನಿ. ಚಾರ್ಜು ಹೊಸದರಲ್ಲಿ ನಾಲ್ಕೈದು ದಿನ ಬರ್ತಿತ್ತು.

ತಂದಾಗ ಹಿಂದಿಯಲ್ಲಿ ಮಾತಾಡ್ತಿತ್ತು. ಅಮ್ಮ ಮೊದಲನೇ ದಿನ "ಪಚ್ಚೀಸ್ ಅಂದ್ರೆ ಎಷ್ಟೋ" ಅಂತ ನನಗೆ ಫೋನು ಮಾಡಿದ್ದರು. ಆ್ಯಪ್‌ನಲ್ಲಿ ಭಾಷೆ ಬದಲಾಯಿಸೋಕೆ ಎರಡು ನಿಮಿಷ ಸಾಕು, ಆದರೆ ಹಾಕಿಕೊಟ್ಟ ಹುಡುಗ ಅದನ್ನ ಹೇಳಿರಲಿಲ್ಲ. ಈಗ "ಇಪ್ಪತ್ತೈದು ರೂಪಾಯಿ ಸ್ವೀಕರಿಸಲಾಗಿದೆ" ಅನ್ನುತ್ತೆ. ಮೈಸೂರಿನಲ್ಲಿ ಯಾವ ಅಂಗಡಿಯವನು ಬಾಯಿಬಿಟ್ಟು ಸ್ವೀಕರಿಸಲಾಗಿದೆ ಅಂತಾನೆ ಹೇಳಿ? ರೇಡಿಯೋ ವಾರ್ತೆ ಓದುವವರನ್ನ ಡಬ್ಬಿಯಲ್ಲಿ ಕೂರಿಸಿದ ಹಾಗಿದೆ. "ಬಂತು" ಅಂದರೆ ಸಾಕಿತ್ತು, ಅರ್ಧ ಸೆಕೆಂಡೂ ಉಳೀತಿತ್ತು. ಬೀದಿ ಮಕ್ಕಳಿಗೆ ಅದೇ ಆಟ. ಅಮ್ಮ ಚಾಕೊಲೇಟು ಕೊಟ್ಟರೆ ಕೈಚಾಚಿ "ಒಂದು ಚಾಕೊಲೇಟು ಸ್ವೀಕರಿಸಲಾಗಿದೆ" ಅಂತಾವೆ.

ಇನ್ನು ತೊಂದರೆ. ಬೆಳಿಗ್ಗೆ ಆರರಿಂದ ಏಳರವರೆಗೆ ಹಾಲಿಗೆ ಜನ ಮುಗಿಬೀಳುತ್ತಾರೆ, ಅದೇ ಹೊತ್ತಿಗೆ ಕೂಗು ತಡ ಆಗುತ್ತೆ. ಮಾಮೂಲಾಗಿ ಎರಡು ಮೂರು ಸೆಕೆಂಡು, ಕೆಲವು ದಿನ ಒಂದು ನಿಮಿಷವೂ ಹೌದು. ಹಾಲಿನ ಕ್ರೇಟಿನಿಂದ ನೀರು ಸೋರ್ತಿರುತ್ತೆ, ನನ್ನ ಎರಡೂ ಕೈ ಒದ್ದೆ, ಫೋನು ಮುಟ್ಟೋ ಹಾಗಿಲ್ಲ. ವಾಕಿಂಗ್ ಮುಗಿಸಿ ಬಂದವರು ಒಂದು ಕಾಲು ಗಾಡಿ ಮೇಲಿಟ್ಟುಕೊಂಡೇ ಕೇಳ್ತಾರೆ, "ಬಂತಾ?" ನಿತ್ಯದ ಗಿರಾಕಿಯನ್ನ ನಿಲ್ಲಿಸೋಕೆ ಮನಸ್ಸು ಬರಲ್ಲ, "ಹೊರಡಿ ಸಾರ್" ಅಂದುಬಿಡ್ತೀನಿ. ಅವರು ಮೂಲೆ ತಿರುಗಿದ ಮೇಲೆ ಡಬ್ಬಿ ಕೂಗುತ್ತೆ.

ದಸರಾದಲ್ಲಂತೂ ಕೇಳಲೇಬೇಡಿ. ಜಂಬೂಸವಾರಿ ಹೋಗೋದು ಅರಮನೆಯಿಂದ ಬನ್ನಿಮಂಟಪಕ್ಕೆ, ನಮ್ಮ ರಸ್ತೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೂ ಅವತ್ತು ಊರಿಗೆ ಊರೇ ಫೋನು ಹಿಡಿದಿರೋದಕ್ಕೋ ಏನೋ ಮಧ್ಯಾಹ್ನ ಡಬ್ಬಿ ಮೌನವ್ರತ ಹಿಡಿಯಿತು. ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಸಿಗ್ನಲ್ ಬಂದಿದ್ದೇ ತಡ, ಕೂಡಿಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿತು: ಹತ್ತು ರೂಪಾಯಿ, ನಲವತ್ತೆಂಟು ರೂಪಾಯಿ, ಹತ್ತು ರೂಪಾಯಿ, ನೂರಾ ಐದು ರೂಪಾಯಿ. ಎದುರಿಗೆ ಒಂದು ಬಾಳೆಹಣ್ಣಿನ ಚಿಪ್ಸ್ ಹಿಡಿದು ನಿಂತಿದ್ದ ಹುಡುಗಿ ಹೆದರಿ, "ಆಂಟಿ, ನಾನು ಹತ್ತೇ ಹಾಕಿದ್ದು" ಅಂದಳು.

2025ರ ಏಪ್ರಿಲ್ 12ರ ಶನಿವಾರ ದೇಶದ ತುಂಬ ಯುಪಿಐ ಕೆಟ್ಟು ಕೂತಿತ್ತಲ್ಲ, ಅವತ್ತು ಡಬ್ಬಿದೇನೂ ತಪ್ಪಿರಲಿಲ್ಲ. ಆದರೆ ಜನ ಬೈದದ್ದು ಡಬ್ಬಿಯನ್ನೇ. ಅವತ್ತು ಗೊತ್ತಾಗಿದ್ದು, ನಮ್ಮ ಗಲ್ಲಾದಲ್ಲಿ ಇನ್ನೂರು ರೂಪಾಯಿ ಚಿಲ್ಲರೆಯೂ ಇಲ್ಲ ಅಂತ. ನೋಟು ಅಚ್ಚು ಹಾಕೋ ಊರಲ್ಲಿ ಕೂತು ಚಿಲ್ಲರೆಗೆ ಎದುರಂಗಡಿ ಮೆಟ್ಟಿಲು ಹತ್ತಿದೆ. ಅಂದಿನಿಂದ ಹತ್ತು, ಇಪ್ಪತ್ತರ ನೋಟು ಒಂದೊಂದು ಕಟ್ಟು ಬೇರೆ ಡಬ್ಬದಲ್ಲಿಟ್ಟಿದ್ದೀನಿ.

ಯಾವ ಜಾಹೀರಾತೂ ಹೇಳದ ಸಂಗತಿ ಇನ್ನೊಂದಿದೆ. ಡಬ್ಬಿ ಅಮ್ಮನೊಬ್ಬರಿಗೇ ಕೂಗಲ್ಲ, ಬೀದಿಗೆಲ್ಲ ಕೂಗುತ್ತೆ.

ಮೊದಲು ಎದುರಂಗಡಿಯವರ ವ್ಯಾಪಾರ ಹೇಗಿದೆ ಅಂತ ಅವರ ಮುಖ ನೋಡಿ ಊಹಿಸಬೇಕಿತ್ತು. ಈಗ ಅವರ ಡಬ್ಬಿ ನಮಗೆ ಕೇಳುತ್ತೆ, ನಮ್ಮದು ಅವರಿಗೆ. ನಮ್ಮಲ್ಲಿ ತಿಂಗಳ ಲೆಕ್ಕ ಬರೆಸಿ ನಾಲ್ಕು ನೂರು ಬಾಕಿ ಉಳಿಸಿಕೊಂಡವರು ಎದುರು ಹೋಗಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿ ಸಾಮಾನು ತಗೊಂಡರೆ ಅದೂ ಗೊತ್ತಾಗುತ್ತೆ. ಗೊತ್ತಾಗಿ ಏನು ಮಾಡೋದು, ಅಮ್ಮನಿಗೆ ಬಿಪಿ ಏರುತ್ತೆ ಅಷ್ಟೆ. ಲೆಕ್ಕದವರಿಗೂ ಮುಜುಗರ. ನಿವೃತ್ತ ಮೇಷ್ಟ್ರೊಬ್ಬರು ತಿಂಗಳ ಬಾಕಿ ತೀರಿಸುವಾಗ ನಾಲ್ಕು ಜನರ ಮುಂದೆ ಡಬ್ಬಿ ಪೂರ್ತಿ ಮೊತ್ತ ಕೂಗಿಬಿಟ್ಟಿತು. ಅವರು ಮುಂದಿನ ತಿಂಗಳಿಂದ ಲಕೋಟೆಯಲ್ಲಿ ನೋಟೇ ತಂದುಕೊಡೋಕೆ ಶುರು ಮಾಡಿದರು.

ಇದೆಲ್ಲಕ್ಕಿಂತ ದುಬಾರಿಯಾಗಿದ್ದು ಮೇಲಿನ ಮನೆ. ಅಂಗಡಿ ಮಾಲೀಕರು ಇರೋದು ನಮ್ಮ ತಲೆ ಮೇಲಿನ ಮಹಡಿಯಲ್ಲಿ. ಒಳ್ಳೆಯವರೇ. ಕಳೆದ ವರ್ಷ ಬಾಡಿಗೆ ಕರಾರು ಮುಗಿದಾಗ ನಾನು ಮಾಮೂಲು ರಾಗ ತೆಗೆದೆ, "ಅಂಕಲ್, ವ್ಯಾಪಾರ ಡಲ್ಲು." ಅವರು ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಏನಪ್ಪ ಡಲ್ಲು, ಬೆಳಿಗ್ಗೆ ಐದೂವರೆಯಿಂದ ನನಗೆ ನಿದ್ದೆ ಬಿಡಲ್ಲ ನಿನ್ನ ಡಬ್ಬಿ. ಸ್ವೀಕರಿಸಲಾಗಿದೆ, ಸ್ವೀಕರಿಸಲಾಗಿದೆ." ಬಾಡಿಗೆ 800 ರೂಪಾಯಿ ಹೆಚ್ಚಾಯ್ತು. ಹಾಲಿನಲ್ಲಿ ಉಳಿಯೋದು ಪುಡಿಗಾಸು, ಕೂಗೋದೆಲ್ಲ ಲಾಭ ಅಲ್ಲ ಅಂತ ಅವರಿಗೆ ಹೇಗೆ ವಿವರಿಸಲಿ? ಡಬ್ಬಿ ಹೇಳೋದು ಬಂದ ದುಡ್ಡು ಮಾತ್ರ. ಡೀಲರಿಗೆ ಹೋದ ದುಡ್ಡನ್ನ ಅದು ಯಾವತ್ತೂ ಕೂಗಲ್ಲ.

ಡಬ್ಬಿಗೂ ಬಾಡಿಗೆ ಇದೆ. ತಿಂಗಳಿಗೆ 100 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 118. ಮೂರು ವರ್ಷಕ್ಕೆ 4,248 ಆಗುತ್ತೆ. ಹಾಕಿಕೊಟ್ಟ ಹುಡುಗ "ಒಂದು ವರ್ಷ ಫ್ರೀ ಅಣ್ಣ" ಅಂದಿದ್ದ. ಮೂರನೇ ತಿಂಗಳೇ ಮುರಿದುಕೊಂಡರು. ಸಹಾಯವಾಣಿಗೆ ಫೋನು ಮಾಡಿದರೆ "ನಿಮ್ಮ ಪ್ಲಾನ್‌ನಲ್ಲಿ ಹಾಗೆ ಇಲ್ಲ ಸರ್" ಅನ್ನೋ ಒಂದೇ ಉತ್ತರ, ಆ ಹುಡುಗನ ನಂಬರು ಸ್ವಿಚ್ ಆಫ್. ಬಾಡಿಗೆಯನ್ನ ನಮ್ಮನ್ನ ಕೇಳಿ ತಗೊಳ್ಳಲ್ಲ, ದಿನದ ಜಮೆಯಲ್ಲೇ ಹಿಡಿದುಕೊಂಡು ಮಿಕ್ಕಿದ್ದನ್ನ ಕಳಿಸ್ತಾರೆ. ಹಾಗಾಗಿ ಗಮನಿಸದೆ ಇದ್ದರೆ ಗೊತ್ತೇ ಆಗಲ್ಲ.

ಕಂಪನಿ ಕಡೆಯಿಂದ ನೋಡಿದರೆ ಒಂದು ನ್ಯಾಯವೂ ಇದೆ. 2020ರ ಜನವರಿ 1ರಿಂದ ಯುಪಿಐಗೆ ವ್ಯಾಪಾರಿಯಿಂದ ಕಮಿಷನ್ ತಗೊಳ್ಳೋ ಹಾಗಿಲ್ಲ, ಎಂಡಿಆರ್ ಅಂತ ಕರೆಯೋ ಆ ಕಮಿಷನ್ ಸೊನ್ನೆ. ನಮ್ಮಲ್ಲಿ ದಿನಕ್ಕೆ ಇನ್ನೂರು ಸಲ ಹತ್ತು ಇಪ್ಪತ್ತು ಹಾಕಿಸಿಕೊಂಡರೂ ಅದರಲ್ಲಿ ಅವರು ನಮ್ಮಿಂದ ಒಂದು ಪೈಸೆ ಮುರಿಯಲ್ಲ. ಅವರ ಹೊಟ್ಟೆಪಾಡು ಈ ಬಾಡಿಗೆ ಮತ್ತು ಸಾಲದ ಮೇಲೆ. ಸಾಲ ಅಂದರೆ ನಮ್ಮಂಥವರಿಗೆ ಕೊಡೋ ಸಾಲ. ಡಬ್ಬಿ ಎಷ್ಟು ಕೂಗುತ್ತೆ ಅನ್ನೋ ಲೆಕ್ಕ ಅವರ ಹತ್ತಿರವೇ ಇರುತ್ತಲ್ಲ, ಅದನ್ನ ನೋಡಿ ವಾರಕ್ಕೆರಡು ಸಲ ಫೋನು ಮಾಡ್ತಾರೆ: ಒಂದೂವರೆ ಲಕ್ಷ ರೆಡಿ ಇದೆ, ಬಟನ್ ಒತ್ತಿದರೆ ಸಾಕು. ಕಂತನ್ನ ದಿನಾ ಜಮೆಯಿಂದ ಮುರಿಯುತ್ತಾರೆ. ಪಕ್ಕದ ಬೀದಿಯ ಸ್ಟೇಷನರಿ ಅಂಗಡಿಯವರು ತಗೊಂಡರು. ಶಾಲೆಗೆ ರಜೆ ಬಂದು ವ್ಯಾಪಾರ ಬಿದ್ದ ಮೇಲೂ ಕಂತು ನಿಲ್ಲಲಿಲ್ಲ. ಅವರೀಗ ಗಿರಾಕಿಗೆ "ಕ್ಯಾಶ್ ಇದ್ರೆ ಕೊಡಿ" ಅಂತಾರೆ. ನಾನು ಆ ಬಟನ್ ಒತ್ತಿಲ್ಲ.

2025ರ ಜುಲೈ ಹೇಳದಿದ್ದರೆ ಈ ಕಥೆ ಪೂರ್ತಿ ಆಗಲ್ಲ. ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡು ಹಾಕಿದರು. ನಮಗೆ ನೋಟಿಸ್ ಬರಲಿಲ್ಲ, ಹೆದರಿಕೆ ಬಂತು. ಒಂದು ವಾರ ಡಬ್ಬಿ ಆಫ್ ಮಾಡಿ ಕ್ಯೂಆರ್ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೆ. ಜುಲೈ 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಕೂತು ಮಾತಾಡಿದ ಮೇಲೆ ವ್ಯಾಪಾರಿಗಳು ತಾವು ಕರೆದಿದ್ದ 25ರ ಬಂದ್ ಕೈಬಿಟ್ಟರು. ಆಮೇಲೆ ನಾನು ಎರಡು ರಾತ್ರಿ ಕೂತು ಆ್ಯಪ್‌ನಿಂದ ವರ್ಷದ ಪಟ್ಟಿ ಇಳಿಸಿಕೊಂಡು ಲೆಕ್ಕ ಹಾಕಿದೆ. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಹಾಲಿಗೆ ತೆರಿಗೆ ಇಲ್ಲ, ನಿಜ. ಆದರೆ ಹಾಲಿನ ಜೊತೆ ತೆರಿಗೆ ಇರೋ ಬಿಸ್ಕತ್ತು ಸೋಪು ಮಾರಿದರೆ ಆ 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತೆ. ತೆರಿಗೆ ಕಟ್ಟಬೇಕಾಗೋದು ಬಿಸ್ಕತ್ತು ಸೋಪಿಗೆ ಮಾತ್ರ. ಇದು ನನಗೆ ಅಲ್ಲೀವರೆಗೂ ಗೊತ್ತಿರಲಿಲ್ಲ. ನಮ್ಮದು 28 ಲಕ್ಷ ಚಿಲ್ಲರೆ, ಬಚಾವ್. ಅದರಲ್ಲೂ ಅಕ್ಕ ಕಳಿಸಿದ ಚೀಟಿ ದುಡ್ಡು, ಭಾವನಿಂದ ಪಡೆದ ಕೈಸಾಲ ಎಲ್ಲ ಅಂಗಡಿ ಕ್ಯೂಆರ್‌ಗೇ ಬಿದ್ದು ವ್ಯಾಪಾರದ ಜೊತೆ ಕಲೆತುಹೋಗಿತ್ತು. ಈಗ ಮನೆಯವರಿಗೆಲ್ಲ ಹೇಳಿದ್ದೀನಿ, ಡಬ್ಬಿ ಕೂಗೋದು ಹಾಲು ಸಕ್ಕರೆಗೆ ಮಾತ್ರ.

ಬಾಳಿಕೆ ಬಗ್ಗೆ ಸ್ವಲ್ಪ. ಮೊದಲನೇ ಡಬ್ಬಿ ಎರಡು ವರ್ಷಕ್ಕೆ ಸತ್ತಿತು, ಅದಕ್ಕೆ ಅರ್ಧ ಕಾರಣ ನಾವೇ. ಆಯುಧಪೂಜೆ ದಿನ ಅಮ್ಮ ತಕ್ಕಡಿ, ಫ್ರಿಜ್, ಗಲ್ಲಾಪೆಟ್ಟಿಗೆಗೆಲ್ಲ ಇಟ್ಟ ಹಾಗೆ ಡಬ್ಬಿಗೂ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಏರಿಸಿದ್ದರು. ಕುಂಕುಮ ಸ್ಪೀಕರಿನ ತೂತಿಗೆ ಇಳಿದು, ಮಾರನೇ ದಿನದಿಂದ ನೆಗಡಿ ಆದವರ ಹಾಗೆ ಕೂಗೋಕೆ ಶುರು ಮಾಡಿತು. ಆಮೇಲೆ ಮಳೆಗಾಲದಲ್ಲಿ ನೀರು ಸಿಡಿಯುತ್ತೆ ಅಂತ ಖಾಲಿ ಹಾಲಿನ ಕವರ್ ಕತ್ತರಿಸಿ ಮುಸುಕು ಹಾಕಿದರು. ಒಳಗೆ ಬೆವರಿ ಪೂರ್ತಿ ಕೆಟ್ಟಿತು. ಹೊಸದನ್ನ ಕಾಸಿಲ್ಲದೆ ಬದಲಾಯಿಸಿ ಕೊಟ್ಟರು, ಅದು ಮೆಚ್ಚಬೇಕಾದ್ದೇ. ಬದಲಾಯಿಸೋಕೆ ಹನ್ನೊಂದು ದಿನ ತಗೊಂಡರು, ಆ ಹನ್ನೊಂದು ದಿನದ ಬಾಡಿಗೆಯನ್ನೂ ತಗೊಂಡರು.

ಗಲ್ಲಾದಲ್ಲಿ ನೀವೊಬ್ಬರೇ ಕೂತು, ಫೋನು ನಿಮ್ಮ ಕೈಯಲ್ಲೇ ಇದ್ದರೆ ಇದಕ್ಕೆ ತಿಂಗಳಿಗೆ 118 ದಂಡ. ಬ್ಯಾಂಕಿನ ಮೆಸೇಜ್ ಸಾಕು, ಕೆಲವು ಆ್ಯಪ್‌ಗಳು ಫೋನಿನಲ್ಲೇ ಕೂಗುತ್ತವೆ. ವಯಸ್ಸಾದವರೋ ಕೆಲಸದ ಹುಡುಗರೋ ಗಲ್ಲಾ ನೋಡಿಕೊಳ್ಳೋದಾದರೆ ಕಣ್ಣು ಮುಚ್ಚಿ ಹಾಕಿಸಿ. ಹಾಕಿಸುವಾಗ ಬಾಡಿಗೆ ಎಷ್ಟು, ಯಾವಾಗಿನಿಂದ ಅನ್ನೋದನ್ನ ಬಾಯಿಮಾತಲ್ಲಿ ಬಿಡದೆ ಆ್ಯಪ್‌ನಲ್ಲಿ ತೆರೆದು ತೋರಿಸು ಅನ್ನಿ. ಮಾಲೀಕರು ಮಹಡಿಯಲ್ಲಿದ್ದರೆ ಸೌಂಡು ಎರಡು ಗೆರೆ ಇಳಿಸಿ. ಐದಕ್ಕೆ ಮೂರೂವರೆ ಕೊಡ್ತೀನಿ. ಅಮ್ಮನನ್ನ ಕೇಳಿದರೆ ಐದಕ್ಕೆ ಐದು.

ಈಗಿನ ಡಬ್ಬಿಯ ಚಾರ್ಜು ಮಧ್ಯಾಹ್ನದವರೆಗೂ ನಿಲ್ಲಲ್ಲ, ವೈರಿಗೆ ಕಟ್ಟಿಹಾಕೇ ಇಟ್ಟಿದ್ದೀವಿ. ಬ್ಯಾಟರಿ ನೋಡೋಕೆ ಹುಡುಗ ನಾಳೆ ಬರ್ತಾನಂತೆ. ಕಳೆದ ಗುರುವಾರದಿಂದ ನಾಳೆ ಬರ್ತಾನೇ ಇದ್ದಾನೆ.